ಕ್ಯೂಆರ್ ಕೋಡಾ, ಆ್ಯಪಾ, ನೋಟ್‌ಬುಕ್ಕಾ? ಊರಿನ ಬೆಳೆಗೆ ಯಾವ ಜಾಡು ಸಾಕು

ಈ ಮಳೆಗಾಲದಲ್ಲಿ ನನಗೆ ಒಂದೇ ಪ್ರಶ್ನೆಯ ಮೂರು ಫೋನ್ ಬಂದವು. ಮೊದಲನೆಯದು ಕಾರ್ಕಳದ ಕಡೆ ಹಲಸಿನ ಹಪ್ಪಳ ಮಾಡುವ ಸ್ವಸಹಾಯ ಸಂಘದ ಅಕ್ಕನದು. ಎರಡನೆಯದು ಬ್ರಹ್ಮಾವರದ ಹತ್ತಿರ ಕಜೆ ಅಕ್ಕಿ ಮಾರುವ ರೈತರ ಕಂಪನಿಯ ಹುಡುಗನದು. ಮೂರನೆಯವರು ಬೆಳ್ತಂಗಡಿಯ ತೋಟದವರು. ಅವರದ್ದು ಅಡಿಕೆ ಮಧ್ಯೆ ಕೊಕ್ಕೊ, ಗುಡ್ಡೆಯಲ್ಲಿ ಸ್ವಲ್ಪ ರಬ್ಬರ್. ಮೂವರಿಗೂ ಯಾರೋ ಹೇಳಿದ್ದಾರೆ, ಇನ್ನು ಮುಂದೆ ಟ್ರೇಸಬಿಲಿಟಿ ಇಲ್ಲದೆ ಮಾರಲಿಕ್ಕೆ ಆಗುವುದಿಲ್ಲ ಅಂತ. ಮೂವರೂ ಕೇಳಿದ್ದು, "ಯಾವ ಆ್ಯಪ್ ಒಳ್ಳೆಯದು ಮಾರಾಯ್ರೆ?"

ಟ್ರೇಸಬಿಲಿಟಿ ಅಂದರೆ ಜಾಡು. ಅಂಗಡಿಯಲ್ಲಿರುವ ಪ್ಯಾಕೆಟ್ ಯಾವ ಗದ್ದೆಯಿಂದ, ಯಾರ ಕೈದಾಟಿ ಬಂತು ಎಂದು ಹಿಂದಕ್ಕೆ ಹೋಗಿ ಹೇಳಲಿಕ್ಕೆ ಆಗಬೇಕು. ಇಂಥ ಗದ್ದೆಯ ಮಾಲು ಯಾವ ಯಾವ ಪ್ಯಾಕೆಟ್‌ಗೆ ಹೋಯಿತು ಎಂದು ಮುಂದಕ್ಕೂ ಹೇಳಲಿಕ್ಕೆ ಆಗಬೇಕು. ಅಷ್ಟೇ. ನಾನು ನಾಲ್ಕು ವರ್ಷ ಇಂಥದ್ದೇ ಒಂದು ರೈತರ ಗುಂಪಿನ ಲೆಕ್ಕ ಬರೆದವನು. ನೋಟ್‌ಬುಕ್ಕಿನಿಂದ ಹಿಡಿದು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ತನಕ ಎಲ್ಲದರಲ್ಲೂ ಕೈ ಸುಟ್ಟುಕೊಂಡಿದ್ದೇನೆ. ಆ್ಯಪ್ ಹೆಸರು ಹೇಳುವ ಮೊದಲು ಕೆಲವು ವಿಷಯ ನೋಡಿಕೊಳ್ಳಲೇಬೇಕು.

ಮೊದಲು ಏನು ನೋಡಬೇಕು

ಜಾಡು ಕೇಳುತ್ತಿರುವುದು ಯಾರು? ಇದು ಮೊದಲ ಪ್ರಶ್ನೆ. ಕಾನೂನು ಕೇಳುತ್ತದಾ, ದೊಡ್ಡ ಖರೀದಿದಾರ ಕೇಳುತ್ತಾನಾ, ಬೆಂಗಳೂರಿನ ಗಿರಾಕಿ ಕುತೂಹಲಕ್ಕೆ ಕೇಳುತ್ತಾರಾ, ಅಥವಾ ಯಾರೂ ಕೇಳದೆ ನಾವೇ ಸುಮ್ನೆ ಹೆದರಿದ್ದೇವಾ? ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಾಕು. ಗಿರಾಕಿಗೆ ರೈತನ ಫೋಟೋ ಮತ್ತು ಎರಡು ಸಾಲು ಸಾಕಾದೀತು. ಯುರೋಪಿನ ಕಾನೂನಿಗೆ ತೋಟದ ಅಕ್ಷಾಂಶ, ರೇಖಾಂಶ ಬೇಕು.

ಎರಡನೆಯದು ಮಾಲು ಎಲ್ಲಿ ಬೆರಕೆ ಆಗುತ್ತದೆ ಎಂಬುದು. ಇದನ್ನು ಯಾವ ಸಾಫ್ಟ್‌ವೇರ್ ಮಾರುವವನೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದೇ. ಒಂದು ಘಟನೆ ಹೇಳುತ್ತೇನೆ.

ನಮ್ಮ ಗುಂಪಿನ 14 ಮಂದಿಯ ಕಜೆ ಭತ್ತ, ಒಟ್ಟು 38 ಗೋಣಿ, ಕುಚ್ಚಲು ಮಾಡಲಿಕ್ಕೆ ಒಂದು ಮಿಲ್ಲಿಗೆ ತೆಗೆದುಕೊಂಡು ಹೋಗಿದ್ದೆವು. ಪ್ರತಿ ಗೋಣಿಗೆ ನಂಬರ್ ಬರೆದಿದ್ದೆ. ಮಾರ್ಕರ್ ಪೆನ್ನಿನಲ್ಲಿ, ದೊಡ್ಡದಾಗಿ. ಪ್ಯಾಕೆಟ್‌ಗೆ ಅಂಟಿಸಲು ಕ್ಯೂಆರ್ ಸ್ಟಿಕ್ಕರ್ ಕೂಡ ಮೊದಲೇ ಪ್ರಿಂಟ್ ಆಗಿತ್ತು. ಆ ಮಿಲ್ಲಿನ ಭತ್ತ ಬೇಯಿಸುವ ಟ್ಯಾಂಕಿ ತುಂಬಲು 45 ಗೋಣಿ ಬೇಕು. ಅರ್ಧ ಖಾಲಿ ಟ್ಯಾಂಕಿಗೆ ಯಾರು ಬೆಂಕಿ ಹಾಕುತ್ತಾರೆ? ನಾನು ಚಹಾ ಕುಡಿದು ಬರುವಷ್ಟರಲ್ಲಿ ಬೇರೆ ಯಾರದ್ದೋ 7 ಗೋಣಿ ಸುರಿದು ಟ್ಯಾಂಕಿ ತುಂಬಿಸಿಬಿಟ್ಟಿದ್ದರು. ಮಿಲ್ಲಿನವರಿಗೆ ಅದು ತಪ್ಪು ಎಂದೇ ಅನಿಸಿರಲಿಲ್ಲ, ದಿನಾ ಮಾಡುವ ಕೆಲಸ ಅದು. ನನಗೆ ಗೊತ್ತಾದದ್ದು ಖಾಲಿ ಗೋಣಿಗಳ ರಾಶಿಯಲ್ಲಿ ಏಳರ ಬಾಯಿಗೆ ನೀಲಿ ನೈಲಾನ್ ಹಗ್ಗ ಇದ್ದದ್ದರಿಂದ. ನಾವು ಕಟ್ಟಿದ್ದು ಸುತಳಿ. ಇನ್ನೊಂದು ತಮಾಷೆ ನೋಡಿ, ನಾನು ಕಷ್ಟಪಟ್ಟು ನಂಬರ್ ಬರೆದ ಗೋಣಿಗಳಲ್ಲಿ ಆಗಲೇ ತೌಡು ತುಂಬಿಸುತ್ತಿದ್ದರು.

ಸ್ಟಿಕ್ಕರ್ ಎಲ್ಲಾ ದಂಡ. ಆ ಅಕ್ಕಿಯನ್ನು ಹೆಸರಿಲ್ಲದೆ ಮಾಮೂಲಿ ರೇಟಿಗೆ ಕೊಟ್ಟೆವು. ಮುಂದಿನ ಸಲದಿಂದ ಎರಡು ಬದಲಾವಣೆ ಮಾಡಿದೆವು. ನಂಬರನ್ನು ಗೋಣಿಗೆ ಬರೆಯುವುದು ಬಿಟ್ಟು ರಟ್ಟಿನ ಚೀಟಿ ಕಟ್ಟಿದೆವು. ಗೋಣಿ ಬಿಚ್ಚುವಾಗ ಚೀಟಿ ಕಿತ್ತು ಟ್ಯಾಂಕಿ ಪಕ್ಕದ ಮೊಳೆಗೆ ಸಿಕ್ಕಿಸುವುದು, ಅಕ್ಕಿ ಹೊರಬರುವಾಗ ಅದೇ ಚೀಟಿಗಳ ಕಟ್ಟು ಅಕ್ಕಿಯ ಜೊತೆ ಹೋಗುವುದು. ಮತ್ತೆ, ಟ್ಯಾಂಕಿ ತುಂಬದಿದ್ದರೂ ಪೂರ್ತಿ ಟ್ಯಾಂಕಿಯ ಬೇಯಿಸುವ ಕೂಲಿ ಕೊಡಲು ಒಪ್ಪಿಕೊಂಡೆವು. ಜಾಡಿನ ನಿಜವಾದ ಖರ್ಚು ಅದು. ಯಾವ ಕೊಟೇಶನ್ನಿನಲ್ಲೂ ಅದು ಬರುವುದಿಲ್ಲ. ಭತ್ತ ಬೇಯಿಸದೆ ಮಾಡುವ ಬೆಳ್ತಿಗೆ ಅಕ್ಕಿಗೆ ಈ ತೊಂದರೆ ಕಡಿಮೆ. ಸಣ್ಣ ಮಿಲ್ಲಿನಲ್ಲಿ ಒಬ್ಬೊಬ್ಬರದ್ದು ಬೇರೆ ಬೇರೆ ಮಾಡಿಸಬಹುದು. ಗೇರುಬೀಜಕ್ಕೆ ಇನ್ನೂ ಜಾಸ್ತಿ. ಮಂಗಳೂರಿನ ಕಾರ್ಖಾನೆಗಳಿಗೆ ಆಫ್ರಿಕಾದಿಂದಲೂ ಹಸಿ ಬೀಜ ಬರುತ್ತದೆ, ನಿಮ್ಮ ಗುಡ್ಡೆಯ ಬೀಜ ಅದರೊಳಗೆ ಸೇರಿದರೆ ಮತ್ತೆ ದೇವರೇ ಹೇಳಬೇಕು.

ಮೂರನೆಯದು ಬರೆಯುವವರು ಯಾರು ಎಂಬುದು. ಆ್ಯಪ್ ಎಷ್ಟೇ ಚೆನ್ನಾಗಿರಲಿ, ಮಾಲು ಬಂದ ಹೊತ್ತಿಗೆ ಅಲ್ಲೇ ನಿಂತು ಬರೆಯುವ ಒಬ್ಬ ಮನುಷ್ಯ ಬೇಕು. ಸಂಜೆ ನೆನಪಿನಿಂದ ಬರೆದದ್ದು ಜಾಡಲ್ಲ, ಕತೆ.

ನಾಲ್ಕನೆಯದು ಕೆಜಿಗೆ ಎಷ್ಟು ಬೀಳುತ್ತದೆ. ಲೆಕ್ಕಕ್ಕೆ ಹೇಳುವುದಾದರೆ, ವರ್ಷಕ್ಕೆ 10 ಟನ್ ಅಕ್ಕಿ ಮಾರುವ ಗುಂಪು 30,000 ರೂಪಾಯಿಯ ಸಾಫ್ಟ್‌ವೇರ್ ತೆಗೆದುಕೊಂಡರೆ ಕೆಜಿಗೆ 3 ರೂಪಾಯಿ. ಗಿರಾಕಿ ಆ 3 ರೂಪಾಯಿ ಜಾಸ್ತಿ ಕೊಡುತ್ತಾರಾ? ಕೊಡದಿದ್ದರೆ ಅದು ರೈತನ ಜೇಬಿನಿಂದ.

ಕೊನೆಯದು, ಬಿಟ್ಟು ಹೋಗುವಾಗ ನಮ್ಮ ಡೇಟಾ ನಮಗೆ ಸಿಗುತ್ತದಾ? ಇದರ ಕತೆ ಮುಂದೆ ಬರುತ್ತದೆ.

ನೋಟ್‌ಬುಕ್ ಮತ್ತು ಲಾಟ್ ನಂಬರ್

ನಗಬೇಡಿ. ಪ್ಯಾಕ್ ಮಾಡಿ ಮಾರುವ ತಿನಿಸಿನ ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರ್ ಜೊತೆ ಲಾಟ್ ಅಥವಾ ಬ್ಯಾಚ್ ನಂಬರ್ ಹೇಗೂ ಹಾಕಲೇಬೇಕು. ತುಂಬಾ ಮಂದಿ ಅಲ್ಲಿ "01" ಎಂದು ಅಚ್ಚು ಹಾಕಿಸಿ ವರ್ಷಗಟ್ಟಲೆ ಅದನ್ನೇ ಓಡಿಸುತ್ತಾರೆ. ಆ ಜಾಗವನ್ನು ಸರಿಯಾಗಿ ಬಳಸಿದರೆ ಅರ್ಧ ಕೆಲಸ ಮುಗಿಯಿತು. ನಾವು ಬರೆಯುತ್ತಿದ್ದದ್ದು "ಕಜೆ-2511-03" ಎಂದು. ಕಜೆ ಅಕ್ಕಿ, 25ನೇ ಇಸವಿಯ 11ನೇ ತಿಂಗಳು, ಮೂರನೇ ಟ್ಯಾಂಕಿ. ಪುಸ್ತಕದಲ್ಲಿ ಅದೇ ನಂಬರಿನ ಎದುರು ರೈತರ ಹೆಸರು, ಗೋಣಿ ಲೆಕ್ಕ, ತೂಕ, ಮಿಲ್ಲಿನ ಚೀಟಿ ನಂಬರ್. ಇನ್ನೊಂದು ಪುಟದಲ್ಲಿ ಆ ಲಾಟ್ ಯಾವ ಅಂಗಡಿಗೆ ಎಷ್ಟು ಹೋಯಿತು ಎಂಬುದು.

ಖರ್ಚು ಪುಸ್ತಕದ್ದು, ಪೆನ್ನಿನದ್ದು ಮಾತ್ರ. ನೆಟ್‌ವರ್ಕ್ ಬೇಡ, ಕರೆಂಟ್ ಬೇಡ. ಹೆಬ್ರಿ ಘಾಟಿಯ ಬುಡದಲ್ಲಿ ಜುಲೈ ತಿಂಗಳಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು. ದೋಷವೂ ಉಂಟು. ಒಂದು ಪುಸ್ತಕದಲ್ಲಿ ಮೂವರ ಕೈಬರಹ ಬಂದರೆ 1 ಯಾವುದು 7 ಯಾವುದು ಗೊತ್ತಾಗುವುದಿಲ್ಲ. ನಮ್ಮ ಮಳೆಗೆ ಪುಟ ಬೂಸು ಹಿಡಿಯುತ್ತದೆ. ಬರೆಯುವವರು ಕೆಲಸ ಬಿಟ್ಟರೆ ಪುಸ್ತಕವೂ ಕಾಣೆ. ಪ್ರತಿ ಶನಿವಾರ ಪುಟಗಳ ಫೋಟೋ ತೆಗೆದು ಗುಂಪಿನ ವಾಟ್ಸಾಪಿಗೆ ಹಾಕಿದರೆ ಇದರಲ್ಲಿ ಮುಕ್ಕಾಲು ಪಾಲು ಸರಿಯಾಗುತ್ತದೆ.

ಸುಮಾರು 30 ರೈತರು, ಒಂದೆರಡು ಬೆಳೆ, ಒಂದು ಮಿಲ್ಲು. ಅಷ್ಟರ ತನಕ ನೋಟ್‌ಬುಕ್ ಸಾಕು ಎಂಬುದು ನನ್ನ ಅನುಭವ. ಅದರಾಚೆ ಹುಡುಕುವುದೇ ಕೆಲಸವಾಗುತ್ತದೆ.

ಫೋನಿನ ಫಾರಂ, ಶೀಟ್, ಸ್ವಂತ ಕ್ಯೂಆರ್

ಇದು ನಡುವಿನ ದಾರಿ. ನಮ್ಮಂಥ ಹೆಚ್ಚಿನವರಿಗೆ ಇದೇ ಸರಿ ಎಂದು ನನಗೆ ಅನಿಸುತ್ತದೆ. ಕೋಬೊ ಟೂಲ್‌ಬಾಕ್ಸ್, ಓಡಿಕೆ ಮುಂತಾದ ಮಾಹಿತಿ ಸಂಗ್ರಹಿಸುವ ಆ್ಯಪುಗಳಲ್ಲಿ ಕನ್ನಡದಲ್ಲೇ ಫಾರಂ ಮಾಡಬಹುದು. ನೆಟ್‌ವರ್ಕ್ ಇಲ್ಲದ ಕಡೆ ತುಂಬಿಸಿ, ಊರಿಗೆ ಬಂದ ಮೇಲೆ ಕಳಿಸಬಹುದು. ಜಾಗದ ಜಿಪಿಎಸ್, ಫೋಟೋ ಕೂಡ ಸೇರುತ್ತದೆ. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಗದ್ದೆಯಲ್ಲಿ ನಿಂತು ಫೋಟೋ ತೆಗೆದು ಅಭ್ಯಾಸ ಇರುವವರಿಗೆ ಇದು ಕಷ್ಟವೇ ಅಲ್ಲ. ಆದರೆ ಫಾರಂ ಉದ್ದ ಮಾಡಬೇಡಿ. ನಾನು ಮೊದಲು 22 ಪ್ರಶ್ನೆ ಹಾಕಿದ್ದೆ. ಎರಡನೇ ವಾರದಿಂದ ಎಲ್ಲರೂ ಎಲ್ಲದಕ್ಕೂ "ಹೌದು" ಒತ್ತಿದ್ದರು. ಯಾರು, ಏನು, ಎಷ್ಟು, ಯಾವತ್ತು, ಯಾವ ಚೀಟಿ, ಒಂದು ಫೋಟೋ. ಆರು ಸಾಕು. ರೈತನ ಹೆಸರು ಟೈಪ್ ಮಾಡಿಸುವುದಕ್ಕಿಂತ ಫ್ರೂಟ್ಸ್ ಐಡಿ, ಅಂದರೆ ಸರಕಾರದ ರೈತ ನೋಂದಣಿ ನಂಬರ್, ಹಾಕಿಸಿ. ಒಂದೇ ಹೆಸರಿನ ನಾಲ್ಕು ಮಂದಿ ಎಲ್ಲಾ ಊರಿನಲ್ಲೂ ಇರುತ್ತಾರೆ, ಅಲ್ವಾ?

ಕ್ಯೂಆರ್ ವಿಷಯದಲ್ಲಿ ಒಂದು ಗುಂಡಿ ಉಂಟು, ತುಂಬಾ ಜನ ಬೀಳುತ್ತಾರೆ. ಪುಕ್ಕಟೆ ಕ್ಯೂಆರ್ ಮಾಡಿಕೊಡುವ ಕೆಲವು ವೆಬ್‌ಸೈಟುಗಳು ಕೊಡುವುದು ಅವರದ್ದೇ ವಿಳಾಸದ ಮೂಲಕ ಸುತ್ತಿಬರುವ ಕೋಡ್. ಪುಕ್ಕಟೆ ಅವಧಿ ಮುಗಿದ ದಿನ ಕೋಡ್ ಸಾಯುತ್ತದೆ. ಪ್ರಿಂಟ್ ಮಾಡಿಟ್ಟ ಸಾವಿರ ಕವರ್ ನಿಮ್ಮ ಕೈಯಲ್ಲಿ. ಕೋಡಿನೊಳಗೆ ನಿಮ್ಮದೇ ವೆಬ್ ವಿಳಾಸ ನೇರವಾಗಿ ಇರಬೇಕು. ಲೇಬಲ್ ಬಗ್ಗೆಯೂ ಒಂದು ಮಾತು. ಬಿಲ್ಲಿನ ಕಾಗದದ ಥರದ ಥರ್ಮಲ್ ಲೇಬಲ್ ಅಗ್ಗ, ಆದರೆ ಬಿಸಿಲು, ಎಣ್ಣೆ ತಾಗಿದರೆ ಮಾಸುತ್ತದೆ. ತೆಂಗಿನೆಣ್ಣೆ ಬಾಟಲಿಗೆ ಅದನ್ನು ಅಂಟಿಸಲೇಬೇಡಿ. ರಿಬ್ಬನ್ ಹಾಕುವ ಪ್ರಿಂಟರಿನ ಲೇಬಲ್ ಬಾಳುತ್ತದೆ.

ಸ್ಕ್ಯಾನ್ ಮಾಡಿದಾಗ ತೆರೆಯುವ ಪುಟದಲ್ಲಿ ರೈತನ ಫೋನ್ ನಂಬರ್, ಸರ್ವೆ ನಂಬರ್ ಹಾಕಬೇಡಿ. ಫೋಟೋ ಹಾಕುವುದಾದರೆ ಕೇಳಿ ಹಾಕಿ. ಖಾಸಗಿ ಮಾಹಿತಿಗೆ 2023ರಲ್ಲೇ ಕಾಯ್ದೆ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಗುಂಪಿನ ಒಬ್ಬರಿಗೆ ರಾತ್ರಿ ಒಂಬತ್ತಕ್ಕೆ ಪುಣೆಯಿಂದ ಗಿರಾಕಿ ಫೋನ್ ಮಾಡಿ ಅಕ್ಕಿ ಬೇಯಿಸುವುದು ಹೇಗೆ ಎಂದು ಕೇಳಿದ್ದಾರೆ.

ಸರಕಾರಿ ದಾರಿ: ಪಿಜಿಎಸ್ ಮತ್ತು ಟ್ರೇಸ್‌ನೆಟ್

ಲೇಬಲ್ ಮೇಲೆ "ಸಾವಯವ" ಎಂದು ಹಾಕಬೇಕಾದರೆ ಮಾತ್ರ ಇದನ್ನು ಓದಿ. ಉಳಿದವರು ಮುಂದಕ್ಕೆ ಹೋಗಬಹುದು.

ಪಿಜಿಎಸ್-ಇಂಡಿಯಾ ಅಂದರೆ ರೈತರೇ ಸೇರಿ ಮಾಡುವ ಸಾವಯವ ದೃಢೀಕರಣ. ಅದಕ್ಕೆ ಕನಿಷ್ಠ 5 ರೈತರ ಗುಂಪು ಸಾಕು. ಅಕ್ಕಪಕ್ಕದ ರೈತರೇ ಒಬ್ಬರ ತೋಟಕ್ಕೆ ಒಬ್ಬರು ಹೋಗಿ ನೋಡಿ ಒಪ್ಪಿಗೆ ಕೊಡುತ್ತಾರೆ. ಹೊರಗಿನ ಏಜೆನ್ಸಿಯ ಫೀಸ್ ಇಲ್ಲ. ದೇಶದೊಳಗೆ ಮಾರಲು ನಡೆಯುತ್ತದೆ, ರಫ್ತಿಗೆ ನಡೆಯುವುದಿಲ್ಲ. ರಫ್ತಿಗೆ ಬೇಕಾದದ್ದು ಎನ್‌ಪಿಒಪಿ, ಅಂದರೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಮಾಣಪತ್ರ. ಅದರ ಲೆಕ್ಕವೆಲ್ಲ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದ ಟ್ರೇಸ್‌ನೆಟ್ ವೆಬ್‌ಸೈಟಿನಲ್ಲಿ ಇರುತ್ತದೆ. ಒಂದು ಗುಂಪಿನಲ್ಲಿ 25ರಿಂದ 500 ರೈತರು, ಒಳಗಿನ ತಪಾಸಣೆಗೆ ಗುಂಪಿನದ್ದೇ ವ್ಯವಸ್ಥೆ, ಮೇಲಿಂದ ಪ್ರತಿ ವರ್ಷ ಹೊರಗಿನ ಏಜೆನ್ಸಿಯ ತಪಾಸಣೆ. ಭತ್ತದಂಥ ಬೆಳೆಗೆ 2 ವರ್ಷ, ಅಡಿಕೆ, ಕರಿಮೆಣಸು, ತೆಂಗಿನಂಥ ಬಹುವರ್ಷದ ಬೆಳೆಗೆ 3 ವರ್ಷ ಪರಿವರ್ತನೆಯ ಅವಧಿ. ಅಷ್ಟು ದಿನ ಖರ್ಚು ಮಾತ್ರ, ಸಾವಯವದ ರೇಟು ಇಲ್ಲ.

ಇವೆರಡೂ ಹೇಳುವುದು ಬೆಳೆಸಿದ ರೀತಿಯ ಬಗ್ಗೆ. ಗಿರಾಕಿಯ ಕೈಯಲ್ಲಿರುವ ಪ್ಯಾಕೆಟ್ ಇಂಥ ರೈತನದ್ದೇ ಎಂದು ತೋರಿಸಲು ನಿಮ್ಮ ಲಾಟ್ ಪುಸ್ತಕವೇ ಬೇಕು. ಪ್ರಮಾಣಪತ್ರ ತೆಗೆದುಕೊಂಡವರು ಪುಸ್ತಕ ಬಿಟ್ಟುಬಿಡುವುದನ್ನು ನೋಡಿದ್ದೇನೆ, ಅದಕ್ಕೆ ಹೇಳಿದೆ.

ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್, ಮತ್ತು ಯುರೋಪಿನ ಕಾನೂನು

ಇನ್ನೂರು, ಮುನ್ನೂರು ರೈತರು, ಹತ್ತಾರು ಖರೀದಿ ಕೇಂದ್ರ, ನಾಲ್ಕೈದು ಬೆಳೆ ಇರುವ ಸಂಸ್ಥೆಗೆ ಇದು ಬೇಕು. ತೋಟದ ಗಡಿ ಅಳೆಯುವುದು, ಖರೀದಿ, ಗೋದಾಮು, ಬಿಲ್ಲು ಎಲ್ಲಾ ಒಂದೇ ಕಡೆ ಸಿಗುತ್ತದೆ. ಆದರೆ ಡೆಮೋ ನೋಡಿ ಮರುಳಾಗಬೇಡಿ. ಮಣಿಪಾಲದ ಎಸಿ ರೂಮಿನಲ್ಲಿ ಎಲ್ಲಾ ಆ್ಯಪೂ ಓಡುತ್ತದೆ. ನಿಮ್ಮ ಖರೀದಿ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಗೋಣಿ ತೂಗುವ ಹುಡುಗನ ಕೈಗೆ ಕೊಡಿ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕರಾರಿಗೆ ಸಹಿ ಹಾಕುವ ಮೊದಲು ಡೇಟಾ ಯಾವ ರೂಪದಲ್ಲಿ ವಾಪಸ್ ಕೊಡುತ್ತೀರಿ ಎಂದು ಬರೆಸಿಕೊಳ್ಳಿ. ನಾವು ತೆಗೆದುಕೊಂಡ ಸಾಫ್ಟ್‌ವೇರಿನ ಕಂಪನಿ ಎರಡನೇ ವರ್ಷ ಬಾಗಿಲು ಹಾಕಿತು. ಪಾಪ, ಡೇಟಾ ಕಳಿಸಿದರು. 340 ಪುಟದ ಪಿಡಿಎಫ್. ಒಂದು ಮಳೆಗಾಲ ಪೂರ್ತಿ ಅದನ್ನು ಮತ್ತೆ ಟೈಪ್ ಮಾಡಿದ್ದೇವೆ. ಲೆಕ್ಕದ ಪಟ್ಟಿಗೆ ಎಕ್ಸೆಲ್ ಅಥವಾ ಸಿಎಸ್‌ವಿ ಕಡತ, ತೋಟದ ಗಡಿಗೆ ಜಿಯೋಜೇಸನ್ ಎಂಬ ನಕ್ಷೆಯ ಕಡತ. ಈ ಎರಡು ಹೆಸರು ಕರಾರಿನಲ್ಲಿ ಇರಲಿ.

ಈಗ ಬೆಳ್ತಂಗಡಿಯವರ ಪ್ರಶ್ನೆ. ಯುರೋಪಿನ ಅರಣ್ಯನಾಶ ತಡೆ ಕಾನೂನು, ಇಯುಡಿಆರ್ ಎನ್ನುತ್ತಾರಲ್ಲ, ಅದು ಬರುವುದು ಏಳು ಸರಕಿಗೆ: ಕಾಫಿ, ಕೊಕ್ಕೊ, ರಬ್ಬರ್, ತಾಳೆ ಎಣ್ಣೆ, ಸೋಯಾ, ಮರ, ದನ. ಅಡಿಕೆ, ಗೇರುಬೀಜ, ಕರಿಮೆಣಸು, ತೆಂಗು, ಅಕ್ಕಿ ಇದರಲ್ಲಿ ಇಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದ ಮಾಲು ಆಗಬಾರದು, ಬೆಳೆದ ದೇಶದ ಕಾನೂನೂ ಮೀರಿರಬಾರದು. ಎರಡು ಸಲ ಮುಂದೂಡಿ, ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವರಿಗೆ 2027ರ ಜೂನ್ 30 ಎಂದು ದಿನ ಇಟ್ಟಿದ್ದಾರೆ. ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಯಲ್ಲಿ ಹಾಕಿದ್ದಾರೆ. ಹಾಗಂತ ತೋಟದ ಜಾಗ ತೋರಿಸುವುದು ತಪ್ಪುವುದಿಲ್ಲ.

4 ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿ ಬೇಕು. ಅದಕ್ಕಿಂತ ಸಣ್ಣದಕ್ಕೆ ಒಂದೇ ಬಿಂದು ಸಾಕು, ದಶಾಂಶದ ನಂತರ ಆರು ಅಂಕೆ ಇರಬೇಕು. ಆರು ಅಂಕೆ ಅಂದರೆ ಒಂದು ಗೇಣಿಗಿಂತಲೂ ಕಡಿಮೆ ಅಂತರ. ಅಡಿಕೆ ಮರದ ನೆರಳಲ್ಲಿ ನಿಂತ ನಿಮ್ಮ ಫೋನು ಹತ್ತು ಮೀಟರ್ ಆಚೀಚೆ ತೋರಿಸಿದರೂ ಆಶ್ಚರ್ಯ ಇಲ್ಲ. ಆದ್ದರಿಂದ ಬಯಲಿಗೆ ಬಂದು, ಒಂದು ನಿಮಿಷ ನಿಂತು ಗುರುತು ಮಾಡಿ. ಇನ್ನೊಂದು, 12 ಅಥವಾ 13ರಿಂದ ಶುರುವಾಗುವುದು ಅಕ್ಷಾಂಶ, 74 ಅಥವಾ 75ರಿಂದ ಶುರುವಾಗುವುದು ರೇಖಾಂಶ. ಜಿಯೋಜೇಸನ್ ಕಡತದಲ್ಲಿ ರೇಖಾಂಶ ಮೊದಲು ಬರುತ್ತದೆ. ನಾನು ಒಮ್ಮೆ ತಿರುಗಾಮುರುಗಾ ಮಾಡಿ ನಮ್ಮ ಅಷ್ಟೂ ಗದ್ದೆಗಳನ್ನು ನಾರ್ವೆಯಿಂದ ಆಚೆ ಸಮುದ್ರದ ನಡುವೆ ಇಳಿಸಿದ್ದೆ.

ನಮ್ಮ ಜಿಲ್ಲೆಗಳ ನಿಜವಾದ ಗಂಟು ಇರುವುದು ಕುಮ್ಕಿಯಲ್ಲಿ. ವರ್ಗ ಜಾಗಕ್ಕೆ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ, ತಾಗಿದ ಸರಕಾರಿ ಜಾಗವೇ ಕುಮ್ಕಿ. ಅದರಲ್ಲಿ ಎಷ್ಟೋ ಮನೆಯವರ ರಬ್ಬರ್, ಗೇರು ಉಂಟು. ಮ್ಯಾಪಿನಲ್ಲಿ ತೋಟ ಒಂದೇ, ಪಹಣಿಯಲ್ಲಿ ಅರ್ಧ. ಉಳಿದ ಅರ್ಧ ಸರಕಾರದ ಜಾಗ. ಇದನ್ನು ಯಾವ ಆ್ಯಪೂ ಬಗೆಹರಿಸುವುದಿಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರಕಾರದ ದಿಶಾಂಕ್ ಆ್ಯಪ್ ಹಿಡಿದು ತೋಟ ಸುತ್ತಿ, ಯಾವ ಮರ ಯಾವ ಸರ್ವೆ ನಂಬರಿನಲ್ಲಿ ಉಂಟು ಎಂದು ಈಗಲೇ ನೋಡಿಟ್ಟುಕೊಳ್ಳಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದ್ದರೆ ಅದನ್ನು ಮೊದಲು ಸರಿ ಮಾಡಿಸಿ.

ಸಾಫ್ಟ್‌ವೇರ್ ಕೊಳ್ಳಬೇಕಾ? ಒಬ್ಬ ಬೆಳೆಗಾರನಿಗೆ ಬೇಡವೇ ಬೇಡ. ಕಾಫಿಗೆ ಕಾಫಿ ಬೋರ್ಡಿನ ಆ್ಯಪ್ ಉಂಟು, ರಬ್ಬರಿಗೆ ರಬ್ಬರ್ ಬೋರ್ಡಿನ ಐಎಸ್‌ಎನ್‌ಆರ್ ಎಂಬ ಯೋಜನೆ ಉಂಟು. ಕೊಕ್ಕೊವನ್ನು ಕ್ಯಾಂಪ್ಕೊದಂಥ ಸಹಕಾರಿಗೋ ವ್ಯಾಪಾರಿಗೋ ಕೊಡುವವರು ನೀವು. ಮುಂದೆ ಅದನ್ನು ಯುರೋಪಿಗೆ ಕಳಿಸುವವರು ಯಾರೋ, ಕಾಗದಪತ್ರದ ತಲೆನೋವು ಅವರದ್ದು. ನಿಮ್ಮ ಕಡೆಯಿಂದ ಫ್ರೂಟ್ಸ್ ಐಡಿ, ಪಹಣಿ, ತೋಟದ ಬಿಂದು, ಮಾರಾಟದ ಬಿಲ್ಲು ಒಂದು ಫೈಲಿನಲ್ಲಿ ಇರಲಿ.

ಬ್ಲಾಕ್‌ಚೈನ್, ಬಾರ್‌ಕೋಡ್

ಬ್ಲಾಕ್‌ಚೈನ್ ಬಗ್ಗೆ ಬೇಗ ಮುಗಿಸುತ್ತೇನೆ. ಒಂದೇ ಲೆಕ್ಕದ ನಕಲು ಹಲವರ ಕಂಪ್ಯೂಟರಿನಲ್ಲಿ ಇರುವ ವ್ಯವಸ್ಥೆ ಅದು. ಒಮ್ಮೆ ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲಾರರು ಎಂಬುದು ಅದರ ಗುಣ. ಒಬ್ಬರನ್ನೊಬ್ಬರು ನಂಬದ ದೊಡ್ಡ ಕಂಪನಿಗಳ ನಡುವೆ ಅದಕ್ಕೆ ಅರ್ಥ ಉಂಟು. ಅಲ್ಲಿಯೂ ಸುಲಭವಲ್ಲ. ಕಾಫಿಗೆ 2019ರಲ್ಲೇ ಕಾಫಿ ಬೋರ್ಡ್ ಬ್ಲಾಕ್‌ಚೈನ್ ಮಾರುಕಟ್ಟೆಯ ಪ್ರಯೋಗ ಶುರು ಮಾಡಿತ್ತು. ಹಡಗು ಸಾಗಾಟಕ್ಕೆ ಮರ್ಸ್ಕ್ ಮತ್ತು ಐಬಿಎಂ ಸೇರಿ ಕಟ್ಟಿದ ಟ್ರೇಡ್‌ಲೆನ್ಸ್, ಸಾಕಷ್ಟು ಕಂಪನಿಗಳು ಸೇರಲಿಲ್ಲವೆಂದು 2023ರಲ್ಲಿ ಮುಚ್ಚಿತು. 40 ಮಂದಿಯ ಗುಂಪಿಗೆ ಇದು ಬೇಡ. ಟ್ಯಾಂಕಿಗೆ ಬಿದ್ದ ಆ 7 ಗೋಣಿಯನ್ನು ಬ್ಲಾಕ್‌ಚೈನ್ ಕಂಡುಹಿಡಿಯುತ್ತಿರಲಿಲ್ಲ. ನಾನು ಬರೆದ 38ನ್ನೇ ಶಾಶ್ವತವಾಗಿ ಕಾಪಾಡುತ್ತಿತ್ತು.

ಸೂಪರ್‌ಮಾರ್ಕೆಟಿನವರು ಕೇಳುವ ಬಾರ್‌ಕೋಡ್ ಬೇರೆ ವಿಷಯ. 890ರಿಂದ ಶುರುವಾದರೆ ಆ ನಂಬರ್ ಬಾರ್‌ಕೋಡ್ ಕೊಡುವ ಸಂಸ್ಥೆ ಜಿಎಸ್1 ಇಂಡಿಯಾದಿಂದ ಬಂದದ್ದು ಎಂದು ಅರ್ಥ, ಮಾಲು ಇಲ್ಲೇ ಬೆಳೆದದ್ದು ಎಂದಲ್ಲ. ಮಾಮೂಲಿ ಬಾರ್‌ಕೋಡಿನಲ್ಲಿ ಲಾಟ್ ನಂಬರ್ ಇರುವುದಿಲ್ಲ. ಬಿಲ್ ಹಾಕಲಿಕ್ಕೆ ಬೇಕಾದರೆ ತೆಗೆದುಕೊಳ್ಳಿ, ಜಾಡಿಗೆ ಅದನ್ನು ನಂಬಬೇಡಿ.

ಹಾಗಾದರೆ ಯಾರಿಗೆ ಯಾವುದು

ಶಂಕರಪುರದ ಮಲ್ಲಿಗೆಗೆ ಏನೂ ಬೇಡ. ಬೆಳಿಗ್ಗೆ ಕೊಯ್ದ ಹೂ ಸಂಜೆಗೆ ತಲೆಯಲ್ಲಿ ಇರುತ್ತದೆ. ಹೂ ಅಳೆಯುವ ಅಟ್ಟೆಯ ಲೆಕ್ಕ, ಹೂ ಕೊಳ್ಳುವ ಕಟ್ಟೆಯವರ ಚೀಟಿ, ಸಾಕು. ಮಟ್ಟು ಊರಿನ ಬದನೆ ಮಟ್ಟುಗುಳ್ಳದ್ದು ಬೇರೆ ಕತೆ. 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಬಂದ ಮೇಲೂ ಬೇರೆ ಬದನೆ ಅದೇ ಹೆಸರಲ್ಲಿ ಮಾರಾಟವಾಗುತ್ತದೆ. ಅದಕ್ಕೇ ಬೆಳೆಗಾರರು ಕಾಯಿಗೇ ಸ್ಟಿಕ್ಕರ್ ಅಂಟಿಸುವ ದಾರಿ ಹಿಡಿದರು. ಅಲ್ಲಿ ಗಿರಾಕಿ ನೋಡುವುದು ಅಸಲಿಯಾ ನಕಲಿಯಾ ಎಂದು ಮಾತ್ರ. ಸ್ಟಿಕ್ಕರ್ ಯಾರ ಕೈಯಲ್ಲಿ ಎಷ್ಟು ಉಂಟು ಎಂಬ ಲೆಕ್ಕ ಸರಿ ಇದ್ದರೆ ಅದೇ ಜಾಡು.

ಕಾರ್ಕಳದ ಅಕ್ಕನಿಗೆ ನೋಟ್‌ಬುಕ್ ಹೇಳಿದೆ. ಹಲಸು ಎಂಟು ಮನೆಯಿಂದ ಬರುತ್ತದೆ, ಒಂದೇ ಅಂಗಳದಲ್ಲಿ ಒಣಗುತ್ತದೆ. ದಿನಕ್ಕೊಂದು ಲಾಟ್ ಸಾಕು. ಅವರಿಗೆ ಸ್ವಲ್ಪ ಬೇಜಾರಾಯಿತು, ಆ್ಯಪಿಗೆ ಎಂದೇ ದುಡ್ಡು ಎತ್ತಿಟ್ಟಿದ್ದರಂತೆ. ಆ ದುಡ್ಡಿಗೆ ರಿಬ್ಬನ್ ಪ್ರಿಂಟರ್ ತೆಗೆದುಕೊಳ್ಳಿ ಎಂದೆ. ಬ್ರಹ್ಮಾವರದ ಹುಡುಗನಿಗೆ ಫೋನಿನ ಫಾರಂ ಮತ್ತು ಸ್ವಂತ ಕ್ಯೂಆರ್. ಆದರೆ ಅದಕ್ಕೂ ಮೊದಲು ಮಿಲ್ಲಿನವರ ಹತ್ತಿರ ಮಾತಾಡಬೇಕು, ಟ್ಯಾಂಕಿ ಎಷ್ಟು ಗೋಣಿಯದ್ದು ಎಂದು ಕೇಳಬೇಕು.

ಇನ್ನೂ ಗೊಂದಲ ಇದ್ದರೆ ಒಂದು ಪರೀಕ್ಷೆ ಮಾಡಿ. ಅಂಗಡಿಯಿಂದ ನಿಮ್ಮದೇ ಒಂದು ಪ್ಯಾಕೆಟ್ ತನ್ನಿ, ಅದರ ರೈತ ಯಾರೆಂದು ಹುಡುಕಿ. ಅರ್ಧ ಗಂಟೆಯಲ್ಲಿ ಸಿಕ್ಕಿದರೆ ಈಗ ಇರುವುದನ್ನೇ ಮುಂದುವರಿಸಿ. ಪುಟ ತಿರುಗಿಸುವುದರಲ್ಲಿ, ಕೈಬರಹದಲ್ಲಿ ಸಿಕ್ಕಿಬಿದ್ದರೆ ಫೋನಿಗೆ ಬನ್ನಿ. ಮಿಲ್ಲಿನ ಬಾಗಿಲಲ್ಲಿ ಜಾಡು ಕಡಿದುಹೋದರೆ ಸದ್ಯಕ್ಕೆ ಏನೂ ಕೊಳ್ಳಬೇಡಿ. ನಾವು ಮೊದಲ ಸಲ ಮಾಡಿದಾಗ ಎರಡು ದಿನ ಹಿಡಿಯಿತು. ಉತ್ತರ ಕೊನೆಗೆ ಸಿಕ್ಕಿದ್ದು ರಿಕ್ಷಾ ಟೆಂಪೋದವನ ಡೈರಿಯಲ್ಲಿ. ಬಾಡಿಗೆ ಬಾಕಿ ಇತ್ತೆಂದು ಅವನು ಗೋಣಿ ಲೆಕ್ಕ ಸರಿಯಾಗಿ ಬರೆದಿಟ್ಟಿದ್ದ.